ತಾಯಿತವಿದ್ದ ಕೊರಳು, ತಾಯಿತವಿಲ್ಲದ ಕೊರಳು

ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿನಲ್ಲಿ ಒಂದು ವಿಚಿತ್ರವುಂಟು. ದೊಡ್ಡವರು ಅದನ್ನು ದಿನವೂ ನೋಡುತ್ತಾರೆ; ನೋಡಿ ನೋಡಿ ಅದು ಅವರ ಕಣ್ಣಿಗೆ ಬೀಳದಂತಾಗಿದೆ. ಸೆಪ್ಟೆಂಬರ್ ಎಂಬ ಹೆಸರಿನಲ್ಲಿರುವುದು ಏಳು ಎಂಬ ಸಂಖ್ಯೆ. ಅಕ್ಟೋಬರಿನಲ್ಲಿ ಎಂಟು, ನವೆಂಬರಿನಲ್ಲಿ ಒಂಬತ್ತು, ಡಿಸೆಂಬರಿನಲ್ಲಿ ಹತ್ತು. ಇಷ್ಟನ್ನು ಹೇಳಿಕೊಟ್ಟರೆ ಎಣಿಕೆ ಕಲಿತ ಮಗು ಬೆರಳು ಮಡಿಸಿ ನೋಡಿ ಥಟ್ಟನೆ ಕೇಳೀತು: "ಹಾಗಾದರೆ ಡಿಸೆಂಬರ್ ಹನ್ನೆರಡನೆಯದಾಗಿ ಏಕೆ ಬರುತ್ತದೆ?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಪ್ರಾಚೀನ ರೋಮನರು. ಅವರ ವರ್ಷ ಮೊದಮೊದಲು ಆರಂಭವಾಗುತ್ತಿದ್ದುದು ಮಾರ್ಚ್ ತಿಂಗಳಿನಲ್ಲಿ. ಅಲ್ಲಿಂದ ಎಣಿಸಿದರೆ ಡಿಸೆಂಬರ್ ಸರಿಯಾಗಿ ಹತ್ತನೆಯದೇ. ಕ್ರಿ.ಪೂ. 153ರಿಂದ ರಾಜ್ಯದ ಅತ್ಯುಚ್ಚ ಅಧಿಕಾರಿಗಳಾದ ಕಾನ್ಸಲರು ಜನವರಿಯ ಮೊದಲ ದಿನ ಅಧಿಕಾರ ವಹಿಸತೊಡಗಿದರು. ವರ್ಷದ ತಲೆ ಸರಿಯಿತು. ತಿಂಗಳುಗಳ ಹೆಸರು ಮಾತ್ರ ಹಾಗೆಯೇ ಉಳಿಯಿತು. ಮುಂದೆ ಐದನೆಯ ತಿಂಗಳಿಗೆ ಜೂಲಿಯಸ್ ಸೀಸರನ ಹೆಸರೂ, ಕ್ರಿ.ಪೂ. 8ರಲ್ಲಿ ಆರನೆಯದಕ್ಕೆ ಚಕ್ರವರ್ತಿ ಅಗಸ್ಟಸನ ಹೆಸರೂ ಬಂದುವು. ಹೀಗೆ ಬೆಂಗಳೂರಿನ ಹಾಲಿನವನ ಲೆಕ್ಕದ ಪುಸ್ತಕದಲ್ಲಿಯೂ ಸೀಸರನು ಇಂದಿಗೂ ಕುಳಿತಿದ್ದಾನೆ.

ಇನ್ನೂ ಒಂದು ಸೋಜಿಗವುಂಟು. ರೋಮನರ ಭಾಷೆಯಾದ ಲ್ಯಾಟಿನ್ನಿನಲ್ಲಿ ಏಳಕ್ಕೆ ಸೆಪ್ತೆಮ್, ಎಂಟಕ್ಕೆ ಓಕ್ತೊ, ಒಂಬತ್ತಕ್ಕೆ ನೊವೆಮ್, ಹತ್ತಕ್ಕೆ ದೆಕೆಮ್ ಎನ್ನುತ್ತಿದ್ದರು. ಸಪ್ತ, ಅಷ್ಟ, ನವ, ದಶ ಎಂದು ಬಾಯಿಪಾಠ ಮಾಡಿದ ಮಗುವಿಗೆ ಈ ಮಾತುಗಳ ದನಿ ಎಲ್ಲಿಯೋ ಕೇಳಿದಂತೆ ತೋರದಿರದು. ತಂದೆಗೆ ಪಾತೆರ್, ತಾಯಿಗೆ ಮಾತೆರ್. ಲ್ಯಾಟಿನ್ ಸಂಸ್ಕೃತಗಳೆರಡೂ ಬಹು ಹಿಂದಿನ ಒಂದೇ ಮನೆತನದಿಂದ ಕವಲೊಡೆದ ಭಾಷೆಗಳು. ಆದುದರಿಂದ ರೋಮನರು ಮಕ್ಕಳಿಗೆ ತೀರ ಅಪರಿಚಿತರಲ್ಲ. ದೂರದೂರಿನಲ್ಲಿ ನೆಲೆಸಿ ಬೇರೆಯಾದ ನಂಟರಿದ್ದಂತೆ.

ಆದರೆ ಈ ನಂಟರನ್ನು ಮಕ್ಕಳಿಗೆ ಪರಿಚಯ ಮಾಡಿಸುವ ಬಗೆ ಹೇಗೆ? ಪಠ್ಯಪುಸ್ತಕಗಳು ಯುದ್ಧಗಳಿಂದ ತೊಡಗುತ್ತವೆ, ಚಕ್ರವರ್ತಿಗಳ ಪಟ್ಟಿಯಲ್ಲಿ ಮುಗಿಯುತ್ತವೆ. ಏಳು ವರುಷದ ಮಗುವಿಗೆ ಬೇಕಾದುದು ಬೇರೆ. ಆ ಊರಿನ ಹುಡುಗರು ಏನು ತಿನ್ನುತ್ತಿದ್ದರು? ಅವರಿಗೂ ಶಾಲೆಯಿತ್ತೆ? ಮೇಷ್ಟರು ಹೊಡೆಯುತ್ತಿದ್ದರೆ? ರಜಾ ಎಷ್ಟು ದಿನ? ಇವು ಬಾಲಿಶವಾದ ಪ್ರಶ್ನೆಗಳಲ್ಲ. ಒಂದು ಸಮಾಜವು ತನ್ನ ಮಕ್ಕಳನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ತಿಳಿದರೆ ಆ ಸಮಾಜದ ಗುಟ್ಟೆಲ್ಲ ತಿಳಿದಂತೆಯೇ ಸರಿ.

ಒಂಬತ್ತನೆಯ ದಿನ

ರೋಮಿನಲ್ಲಿ ಗಂಡುಮಗುವಿಗೆ ಹುಟ್ಟಿದ ಒಂಬತ್ತನೆಯ ದಿನ, ಹೆಣ್ಣುಮಗುವಿಗೆ ಎಂಟನೆಯ ದಿನ ನಾಮಕರಣ. ಅಂದು ಶುದ್ಧಿಯ ವಿಧಿಗಳು ನಡೆಯುತ್ತಿದ್ದುವು, ನೆಂಟರಿಷ್ಟರು ಬರುತ್ತಿದ್ದರು. ಗಂಡುಮಗುವಿನ ಕೊರಳಿಗೆ ಬುಲ್ಲಾ ಎಂಬ ದುಂಡನೆಯ ತಾಯಿತವನ್ನು ಕಟ್ಟುತ್ತಿದ್ದರು. ಸಿರಿವಂತರ ಮಗನಿಗೆ ಚಿನ್ನದ ಬುಲ್ಲಾ; ಬಡವರ ಮಗನಿಗೆ ತೊಗಲಿನದು. ಹೆಣ್ಣುಮಕ್ಕಳು ಅರ್ಧಚಂದ್ರಾಕಾರದ ಪದಕವನ್ನು ಧರಿಸುವುದುಂಟು. ಕೆಟ್ಟ ದೃಷ್ಟಿ ತಾಗದಿರಲೆಂದು ನಮ್ಮ ಅಜ್ಜಿಯರು ತಾಯಿತ ಕಟ್ಟಿ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವ ಬುದ್ಧಿ ಯಾವುದೋ, ರೋಮಿನ ಅಜ್ಜಿಯರ ಬುದ್ಧಿಯೂ ಅದೇ.

ಆದರೆ ಆ ತಾಯಿತಕ್ಕೆ ಇನ್ನೊಂದು ಅರ್ಥವೂ ಇದ್ದಿತು. ಬುಲ್ಲಾ ಧರಿಸಿದ ಹುಡುಗ ಸ್ವತಂತ್ರರ ಮಗನು. ಅವನ ಮೈ ಮುಟ್ಟಲು ಪರರಿಗೆ ಅಧಿಕಾರವಿಲ್ಲ. ಬೀದಿಯಲ್ಲಿ ಹೋಗುವವರು ಹುಡುಗನ ಕೊರಳನ್ನು ನೋಡಿಯೇ ಅವನು ಯಾರೆಂಬುದನ್ನು ಅರಿಯುತ್ತಿದ್ದರು. ಅದೇ ಮನೆಯಲ್ಲಿ, ಅದೇ ಅಂಗಳದಲ್ಲಿ ಆಡುತ್ತಿದ್ದ ಇನ್ನೊಬ್ಬ ಹುಡುಗನ ಕೊರಳು ಬರಿದಾಗಿರುತ್ತಿದ್ದಿತು. ಅವನ ಕಥೆ ಮುಂದೆ ಬರುತ್ತದೆ.

ಹೆಸರಿಡುವುದರಲ್ಲಿ ರೋಮನರು ಬಹಳ ಜಿಪುಣರು. ಗಂಡುಮಕ್ಕಳಿಗೆ ರೂಢಿಯಲ್ಲಿದ್ದ ಅಂಕಿತನಾಮಗಳು ಇಪ್ಪತ್ತಕ್ಕೂ ಕಡಮೆ. ಗಾಯಸ್ ಎಂಬುದು ಸ್ವಂತ ಹೆಸರು, ಜೂಲಿಯಸ್ ಎಂಬುದು ಕುಲದ ಹೆಸರು, ಸೀಸರ್ ಎಂಬುದು ಆ ಕುಲದ ಒಂದು ಕವಲಿನ ಹೆಸರು. ಹೆಣ್ಣುಮಕ್ಕಳಿಗಾದರೋ ಕುಲದ ಹೆಸರೇ ಗತಿ. ಜೂಲಿಯಸ್ ಕುಲದಲ್ಲಿ ಹುಟ್ಟಿದವಳು ಜೂಲಿಯಾ. ಸೀಸರನ ಅಕ್ಕತಂಗಿಯರಿಬ್ಬರ ಹೆಸರೂ ಜೂಲಿಯಾ. ಅವನ ಮಗಳ ಹೆಸರೂ ಜೂಲಿಯಾ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ದೊಡ್ಡವಳು, ಚಿಕ್ಕವಳು ಎನ್ನುವರು. ಮೂವರಾದರೆ ಒಂದನೆಯವಳು, ಎರಡನೆಯವಳು, ಮೂರನೆಯವಳು. ಇದನ್ನು ಕೇಳಿದ ಹುಡುಗಿಯರು ನಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನಗು ನಿಲ್ಲುತ್ತದೆ.

ಎಲ್ಲ ಶಿಶುಗಳಿಗೂ ಆ ಒಂಬತ್ತನೆಯ ದಿನ ದೊರೆಯುತ್ತಿರಲಿಲ್ಲ. ಹುಟ್ಟಿದ ಮಗುವನ್ನು ಸಾಕುವುದೋ ಬಿಡುವುದೋ ಎಂಬ ನಿರ್ಧಾರ ತಂದೆಯದು. ಬೇಡವೆಂದ ಮಗುವನ್ನು ಬೀದಿಯ ಕೊನೆಯಲ್ಲಿಯೋ ತಿಪ್ಪೆಯ ಬಳಿಯೋ ಇಟ್ಟು ಬರುತ್ತಿದ್ದರು. ಕ್ರಿ.ಪೂ. 1ರಲ್ಲಿ, ರೋಮಿನ ಆಳ್ವಿಕೆಗೆ ಸೇರಿದ್ದ ಈಜಿಪ್ಟಿನಲ್ಲಿ, ದೂರದ ಪಟ್ಟಣಕ್ಕೆ ದುಡಿಯಲು ಹೋಗಿದ್ದ ಗಂಡನೊಬ್ಬನು ಬಸುರಿ ಹೆಂಡತಿಗೆ ಬರೆದ ಪತ್ರವೊಂದು ಮರಳಿನಲ್ಲಿ ಕೆಡದೆ ಉಳಿದಿದ್ದಿತು. ಕೂಲಿ ಬಂದೊಡನೆ ಹಣ ಕಳುಹಿಸುವೆನೆಂದೂ, ಮನೆಯಲ್ಲಿರುವ ಮಗುವನ್ನು ಜೋಪಾನ ಮಾಡೆಂದೂ, ನಿನ್ನನ್ನು ಮರೆಯಲುಂಟೇ ಎಂದೂ ಅದರಲ್ಲಿ ಪ್ರೀತಿಯಿಂದ ಬರೆದಿದ್ದಾನೆ. ಆ ನಡುವೆಯೇ, ಗಂಡು ಹುಟ್ಟಿದರೆ ಇರಲಿ, ಹೆಣ್ಣಾದರೆ ಹೊರಗೆ ಹಾಕಿಬಿಡು ಎಂದೂ ಹೇಳಿದ್ದಾನೆ. ಅವನು ರಾಕ್ಷಸನಲ್ಲ. ಸಾಧಾರಣನಾದ, ಹೆಂಡತಿಯ ಮೇಲೆ ಅಕ್ಕರೆಯುಳ್ಳ ಗೃಹಸ್ಥ. ಆ ಕಾಲದಲ್ಲಿ ಅದು ನಾಲ್ಕು ಜನ ನಡೆಯುವ ಹಾದಿಯಾಗಿದ್ದಿತು, ಅಷ್ಟೆ. ಅದನ್ನು ರೋಮಿನ ಕಾನೂನು ಅಪರಾಧವೆಂದು ಎಣಿಸಿದುದು ಕ್ರಿ.ಶ. 374ರಲ್ಲಿ.

ಇಂತಹ ಮಾತನ್ನು ಎಳೆಯರಿಗೆ ಹೇಳಬಹುದೇ ಎಂದು ತಾಯಂದಿರು ಕೇಳಬಹುದು. ಪೆಟ್ಟಿಗೆಯಲ್ಲಿ ಮಲಗಿಸಿ ಹೊಳೆಯಲ್ಲಿ ತೇಲಿಬಿಟ್ಟ ಕರ್ಣನ ಕಥೆಯನ್ನು ನಮ್ಮ ಮಕ್ಕಳು ಐದನೆಯ ವಯಸ್ಸಿಗೇ ಕೇಳಿರುತ್ತಾರೆ. ರೋಮನರು ಕೂಡ ತಮ್ಮ ಊರಿನ ಹುಟ್ಟನ್ನು ಅಂತಹುದೇ ಕಥೆಯಲ್ಲಿ ಹೇಳಿಕೊಂಡರು. ಟೈಬರ್ ನದಿಗೆ ಬಿಟ್ಟ ಅವಳಿಮಕ್ಕಳು ರೋಮ್ಯುಲಸ್ ಮತ್ತು ರೀಮಸ್. ಅವರಿಗೆ ಹಾಲೂಡಿಸಿದುದು ಒಂದು ಹೆಣ್ಣುತೋಳ. ಕ್ರಿ.ಪೂ. 753ರಲ್ಲಿ ರೋಮ್ಯುಲಸನು ನಗರವನ್ನು ಕಟ್ಟಿದನೆಂದು ಐತಿಹ್ಯ. ಬೀದಿಗೆ ಬಿಟ್ಟ ಮಕ್ಕಳೇ ತಮ್ಮ ಮೂಲಪುರುಷರೆಂದು ಹೆಮ್ಮೆಪಟ್ಟ ಜನ, ತಮ್ಮ ಮಕ್ಕಳನ್ನು ಬೀದಿಗೆ ಬಿಡುವುದನ್ನು ನಿಲ್ಲಿಸಲಿಲ್ಲ. ಮಕ್ಕಳಿಗೆ ಈ ಮಾತು ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ.

ಮನೆಯೂ ಮನೆಯವರೂ

ಉಳ್ಳವರ ಮನೆಯನ್ನು ದೋಮುಸ್ ಎನ್ನುತ್ತಿದ್ದರು. ಹಳೆಯ ಮೈಸೂರಿನ ತೊಟ್ಟಿಮನೆಯನ್ನು ಕಂಡವರಿಗೆ ಅದನ್ನು ವರ್ಣಿಸುವ ಅಗತ್ಯವೇ ಇಲ್ಲ. ಬಾಗಿಲು ದಾಟಿದೊಡನೆ ನಡುವೆ ತೆರವಾದ ಮಾಡು, ಅದರ ಕೆಳಗೆ ಮಳೆಯ ನೀರು ಬಂದು ಸೇರುವ ಚೌಕನೆಯ ತೊಟ್ಟಿ, ಸುತ್ತಲೂ ಕೋಣೆಗಳು. ಮನೆಯ ಕಾವಲು ದೇವತೆಗಳಾದ ಲಾರೆಸರಿಗೆ ಗೋಡೆಯಲ್ಲಿ ಒಂದು ಪುಟ್ಟ ಗೂಡು. ಊಟದ ಹೊತ್ತಿನಲ್ಲಿ ಅವರಿಗೆ ನೈವೇದ್ಯ ಸಲ್ಲಿಸುವ ಪದ್ಧತಿಯಿದ್ದಿತು.

ಬಹುಮಂದಿ ಇದ್ದುದು ಇಂತಹ ಮನೆಗಳಲ್ಲಲ್ಲ. ರೋಮ್ ನಗರದಲ್ಲಿ ಇನ್ಸುಲಾ, ಅಂದರೆ ದ್ವೀಪ, ಎಂದು ಕರೆಯುತ್ತಿದ್ದ ಬಾಡಿಗೆಯ ಮಹಡಿಮನೆಗಳು ಕಿಕ್ಕಿರಿದಿದ್ದುವು. ಅವು ಕುಸಿದು ಬೀಳುವುದೂ, ಬೆಂಕಿಗೆ ಆಹುತಿಯಾಗುವುದೂ ಸಾಮಾನ್ಯವಾಗಿದ್ದುದರಿಂದ ಅಗಸ್ಟಸನು ಎಪ್ಪತ್ತು ರೋಮನ್ ಅಡಿಗಿಂತ ಎತ್ತರಕ್ಕೆ ಕಟ್ಟಬಾರದೆಂದು ಕಟ್ಟಳೆ ಮಾಡಿದನು. ಈಗಿನ ಕಾಲದಲ್ಲಿ ಮೇಲಿನ ಮಹಡಿಗೆ ಬೆಲೆ ಹೆಚ್ಚು. ಲಿಫ್ಟ್ ಇಲ್ಲದ ರೋಮಿನಲ್ಲಿ ಮೇಲೇರಿದಷ್ಟೂ ಬಡತನ. ನೀರನ್ನು ಬೀದಿಯ ಕಾರಂಜಿಯಿಂದ ಹೊತ್ತು ತರಬೇಕು. ಅಡಿಗೆಗೆ ಅನುಕೂಲ ಕಡಮೆ. ಬೀದಿಬದಿಯ ಅಂಗಡಿಗಳಲ್ಲಿ, ಕಲ್ಲಿನ ಕಟ್ಟೆಯಲ್ಲಿ ಹುದುಗಿಸಿದ ಗುಡಾಣಗಳಿಂದ ತೆಗೆದು ಬಡಿಸುವ ಆಹಾರವೇ ಹಲವರ ಆಧಾರ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತ ಸಿಡಿದಾಗ ಬೂದಿಯಲ್ಲಿ ಹೂತುಹೋದ ಪಾಂಪೇ ಪಟ್ಟಣದಲ್ಲಿ ಅಂತಹ ಅಂಗಡಿಗಳನ್ನು ಇಂದಿಗೂ ನೋಡಬಹುದು.

ಏನು ತಿನ್ನುತ್ತಿದ್ದರು? ರೊಟ್ಟಿ, ಗೋದಿಯ ಗಂಜಿ, ಕಾಳು, ಆಲಿವ್ ಕಾಯಿ, ಗಿಣ್ಣು, ಮೀನಿನಿಂದ ಇಳಿಸಿದ ಒಂದು ಖಾರವಾದ ವಾಸನೆಯ ರಸ. ಸಕ್ಕರೆಯ ಬದಲು ಜೇನು. ಟೊಮಾಟೊ ಆಲೂಗೆಡ್ಡೆಗಳ ಹೆಸರನ್ನೇ ಅವರು ಕೇಳಿರಲಿಲ್ಲ. ಅವು ಅಮೆರಿಕದಿಂದ ಬಂದುದು ಸಾವಿರಕ್ಕೂ ಹೆಚ್ಚು ವರುಷಗಳ ಮೇಲೆ. ಆದರೆ ಸಿರಿವಂತರ ಅಡಿಗೆಗೆ ಮೆಣಸು ಬೇಕೇ ಬೇಕು. ಅದು ಹಡಗೇರಿ ಹೋಗುತ್ತಿದ್ದುದು ನಮ್ಮ ಪಶ್ಚಿಮದ ಕರಾವಳಿಯಿಂದ. ಭಾರತದೊಡನೆ ನಡೆಯುವ ವ್ಯಾಪಾರದಲ್ಲಿ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಸೋರಿಹೋಗುತ್ತಿದೆಯೆಂದು ಪ್ಲಿನಿ ಎಂಬ ಗ್ರಂಥಕರ್ತನು ಗೊಣಗಿದ್ದಾನೆ. ಸೋರಿದ ಹಣ ಎಲ್ಲಿಗೆ ಬಂತು? 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ನೆಲ ಅಗೆದಾಗ ರೋಮಿನ ಬೆಳ್ಳಿಯ ನಾಣ್ಯಗಳ ಗಂಟೊಂದು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಂತಹ ನಾಣ್ಯಗಳು ದೊರೆತಿವೆ. ಮಕ್ಕಳನ್ನು ರೋಮಿಗೆ ಕರೆದೊಯ್ಯಲಾಗದ ತಂದೆ ಯಶವಂತಪುರದ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಈ ಮಾತನ್ನು ಹೇಳಬಹುದು.

ಮನೆಯ ಯಜಮಾನನಿಗಿದ್ದ ಅಧಿಕಾರ ಅಪಾರ. ಅವನು ಬದುಕಿರುವವರೆಗೆ, ಮಕ್ಕಳಿಗೆ ಮಕ್ಕಳಾದರೂ, ಆಸ್ತಿಯೆಲ್ಲ ಕಾನೂನಿನಲ್ಲಿ ಅವನದೇ. ಅವನ ಕೈಕೆಳಗಿನ ಸಮಸ್ತರಿಗೂ, ಹೆಂಡತಿ ಮಕ್ಕಳಿಂದ ಹಿಡಿದು ಆಳುಕಾಳುಗಳವರೆಗೆ, ಒಟ್ಟಾಗಿ ಫಮಿಲಿಯಾ ಎಂದು ಹೆಸರು. ಇಂಗ್ಲಿಷಿನ ಫ್ಯಾಮಿಲಿ ಎಂಬ ಮಾತು ಇದರಿಂದಲೇ ಬಂದುದು. ಫಮಿಲಿಯಾ ಎಂಬ ಮಾತು ಹುಟ್ಟಿದುದಾದರೂ ಎಲ್ಲಿಂದ? ಫಮುಲುಸ್ ಎಂಬ ಶಬ್ದದಿಂದ. ಫಮುಲುಸ್ ಎಂದರೆ ಮನೆಯ ಗುಲಾಮ.

ಹೊಟ್ಟೆ ಮತ್ತು ಕೈಕಾಲು

ರೋಮಿನ ಜನರಲ್ಲಿ ಪೆಟ್ರಿಷಿಯನರೆಂಬ ಕುಲೀನರೂ, ಪ್ಲೆಬಿಯನರೆಂಬ ಸಾಮಾನ್ಯರೂ ಇದ್ದರು. ಯುದ್ಧಕ್ಕೆ ಹೋಗುವುದಕ್ಕೆ ಸಾಮಾನ್ಯರು, ಆಳುವುದಕ್ಕೆ ಕುಲೀನರು; ಸಾಲ ತೀರಿಸಲಾರದ ಸಾಮಾನ್ಯನು ಸೆರೆಗೆ ಬೀಳಬೇಕು. ಕ್ರಿ.ಪೂ. 494ರಲ್ಲಿ ಸಾಮಾನ್ಯರು ಬೇಸತ್ತು ಊರನ್ನೇ ತೊರೆದು ಹತ್ತಿರದ ಗುಡ್ಡವೊಂದಕ್ಕೆ ಹೋಗಿ ಕುಳಿತರಂತೆ. ಅವರನ್ನು ಸಮಾಧಾನ ಮಾಡಲು ಹೋದ ಮೆನೇನಿಯಸ್ ಅಗ್ರಿಪ್ಪನು ಒಂದು ಕಥೆ ಹೇಳಿದನು. ಹೊಟ್ಟೆಯೊಂದೇ ಕುಳಿತು ತಿನ್ನುತ್ತದೆಯೆಂದು ಕೈ, ಬಾಯಿ, ಹಲ್ಲುಗಳು ಮುಷ್ಕರ ಹೂಡಿದುವಂತೆ. ಕೈ ತುತ್ತೆತ್ತಲಿಲ್ಲ, ಬಾಯಿ ತೆರೆಯಲಿಲ್ಲ, ಹಲ್ಲು ಅಗಿಯಲಿಲ್ಲ. ನಾಲ್ಕು ದಿನಗಳಲ್ಲಿ ಹೊಟ್ಟೆಯೊಡನೆ ಅವೂ ಸೊರಗಿದುವು. ಜನ ಕಥೆ ಕೇಳಿ ಹಿಂದಿರುಗಿದರು. ಆದರೆ ಬರಿಗೈಯಲ್ಲಿ ಅಲ್ಲ. ತಮ್ಮ ಪರವಾಗಿ ನಿಂತು ಕುಲೀನರ ಅಪ್ಪಣೆಯನ್ನು ತಡೆಯಬಲ್ಲ ಟ್ರಿಬ್ಯೂನರೆಂಬ ಅಧಿಕಾರಿಗಳನ್ನು ಪಡೆದುಕೊಂಡೇ ಬಂದರು.

ಮಕ್ಕಳು ಈ ಕಥೆಯನ್ನು ಮೆಚ್ಚುತ್ತಾರೆ. ಅವರನ್ನು ಕೇಳಬೇಕಾದ ಪ್ರಶ್ನೆಯೊಂದುಂಟು. ಆ ಶರೀರದಲ್ಲಿ ಕುಲೀನರು ಹೊಟ್ಟೆಯಾದರು, ಸಾಮಾನ್ಯರು ಕೈಕಾಲಾದರು. ಗುಲಾಮರು ಯಾವ ಅಂಗ? ಕಥೆಯಲ್ಲಿ ಅವರಿಗೆ ಕಿರುಬೆರಳಿನಷ್ಟೂ ಎಡೆಯಿಲ್ಲ.

ಹೊತ್ತು ಮೂಡುವ ಮೊದಲು

ರೋಮಿನ ಶಾಲೆ ಕತ್ತಲೆಯಿರುವಾಗಲೇ ಆರಂಭವಾಗುತ್ತಿದ್ದಿತು. ಏಳನೆಯ ವಯಸ್ಸಿನ ಸುಮಾರಿಗೆ ಹುಡುಗರು, ಕೆಲವು ಮನೆಗಳಲ್ಲಿ ಹುಡುಗಿಯರೂ, ಕಲಿಯಲು ಹೋಗುತ್ತಿದ್ದರು. ಬೇರೆ ಕಟ್ಟಡ ಬೇಕೆಂದಿಲ್ಲ. ಅಂಗಡಿಯ ಪಕ್ಕದ ಜಗಲಿಯೂ ಆದೀತು, ಕಂಬಸಾಲಿನ ನೆರಳೂ ಆದೀತು. ಕೋಳಿ ಕೂಗುವ ಮೊದಲೇ ಮೇಷ್ಟರ ಗದರಿಕೆಯೂ ಏಟಿನ ಸದ್ದೂ ನಿದ್ರೆ ಕೆಡಿಸುತ್ತವೆಂದು ಕವಿ ಮಾರ್ಷಿಯಲ್ ಗೋಳಾಡಿಕೊಂಡಿದ್ದಾನೆ. ಆ ಹೊತ್ತಿಗೇ ರೊಟ್ಟಿಯಂಗಡಿಯವನು ಹುಡುಗರಿಗೆ ತಿಂಡಿ ಮಾರುತ್ತಿದ್ದನೆಂಬುದೂ ಅವನ ಪದ್ಯಗಳಿಂದಲೇ ತಿಳಿಯುತ್ತದೆ.

ಬರೆಯಲು ಮೇಣ ಬಳಿದ ಮರದ ಹಲಗೆ. ಗೀಚಲು ಲೋಹದ ಮುಳ್ಳು. ಮುಳ್ಳಿನ ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟೆ. ತಪ್ಪಾದರೆ ಚಪ್ಪಟೆಯ ತುದಿಯಿಂದ ಮೇಣವನ್ನು ಸವರಿದರಾಯಿತು. ಇಷ್ಟರಮಟ್ಟಿಗೆ ಸ್ಲೇಟು ಬಳಪಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಲೆಕ್ಕ ಮಾತ್ರ ಪ್ರಾಣಸಂಕಟ. ಅವರ ಅಂಕಿಗಳಲ್ಲಿ ಸೊನ್ನೆಯೇ ಇರಲಿಲ್ಲ. ಮೂವತ್ತೆಂಟು ಎಂದು ಬರೆಯಲು ಏಳು ಅಕ್ಷರ ಬೇಕು. ಬೆರಳು ಮಡಿಸಿಯೋ ಮಣೆಯ ಮೇಲೆ ಹರಳು ಸರಿಸಿಯೋ ಕೂಡಿಸಿ ಕಳೆಯಬೇಕು. ಭಾರತದಲ್ಲಿ ಹುಟ್ಟಿ ಅರಬರ ಮೂಲಕ ಯೂರೋಪಿಗೆ ಹೋದ ಅಂಕಿಗಳು ಆ ಹುಡುಗರ ಕೈಗೆ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಏಟು ತಪ್ಪುತ್ತಿದ್ದಿತು.

ಹೊಡೆಯದೆ ಕಲಿಸಬಹುದೆಂದು ನಂಬಿದ ಉಪಾಧ್ಯಾಯರೂ ಅಲ್ಲಿದ್ದರು. ಕ್ರಿ.ಶ. 1ನೆಯ ಶತಮಾನದ ಕ್ವಿಂಟಿಲಿಯನ್ ಅವರಲ್ಲಿ ಅಗ್ರಗಣ್ಯನು. ದಂತದಲ್ಲಿ ಕೆತ್ತಿದ ಅಕ್ಷರಗಳನ್ನು ಮಗುವಿನ ಕೈಗೆ ಆಟಿಕೆಯಂತೆ ಕೊಡಿ, ಹೊಗಳಿ, ಗೆದ್ದ ಸಂತೋಷವನ್ನು ಸವಿಯಲು ಬಿಡಿ, ವಿಶ್ರಾಂತಿ ಕೊಡಿ ಎಂದು ಅವನು ಬೋಧಿಸಿದನು. ಮಕ್ಕಳನ್ನು ಹೊಡೆಯುವುದು ಅವನಿಗೆ ಸ್ವಲ್ಪವೂ ಒಪ್ಪಿಗೆಯಾಗಿರಲಿಲ್ಲ. ಆದರೆ ಅದಕ್ಕೆ ಅವನು ಕೊಟ್ಟ ಮೊದಲ ಕಾರಣವನ್ನು ಗಮನಿಸಬೇಕು: ಹೊಡೆಸಿಕೊಳ್ಳುವುದು ಗುಲಾಮರಿಗೆ ತಕ್ಕುದು, ಸ್ವತಂತ್ರರ ಮಕ್ಕಳಿಗೆ ಅವಮಾನಕರ! ಅಷ್ಟು ಮೃದುಹೃದಯನಾದ ಗುರುವಿನ ಕರುಣೆಯೂ ಬುಲ್ಲಾ ಕಟ್ಟಿದ ಕೊರಳಿನವರೆಗೆ ಬಂದು ನಿಂತುಬಿಟ್ಟಿತು.

ಇನ್ನೊಬ್ಬ ಹುಡುಗ

ಶಾಲೆಗೆ ಹೊರಟ ಹುಡುಗನ ಜೊತೆಯಲ್ಲಿ ಒಬ್ಬ ಗುಲಾಮನಿರುತ್ತಿದ್ದನು. ಕೈಹಿಡಿದು ಕರೆದೊಯ್ಯುವುದು, ಪಾಠ ಮುಗಿಯುವವರೆಗೆ ಕಾದಿರುವುದು, ನಡತೆಯನ್ನು ತಿದ್ದುವುದು ಅವನ ಕೆಲಸ. ಹಲಗೆಯ ಚೀಲ ಹೊರುವುದಕ್ಕೆ ಕೆಲವೊಮ್ಮೆ ಇನ್ನೊಬ್ಬ ಚಿಕ್ಕ ಗುಲಾಮನೂ ಉಂಟು. ಅವನಿಗೂ ಒಡೆಯನ ಮಗನಷ್ಟೇ ವಯಸ್ಸಿರಬಹುದು.

ಅವನು ಎಲ್ಲಿಂದ ಬಂದವನು? ಯುದ್ಧದಲ್ಲಿ ಸೋತ ನಾಡಿನಿಂದ ಹಿಡಿದು ತಂದವನಾಗಿರಬಹುದು. ಬೀದಿಯಲ್ಲಿ ಬಿಟ್ಟುಹೋದ ಶಿಶುವನ್ನು ಎತ್ತಿಕೊಂಡವರು ಬೆಳೆಸಿ ಮಾರಿರಬಹುದು. ಇಲ್ಲವೇ ಆ ಮನೆಯ ದಾಸಿಯ ಹೊಟ್ಟೆಯಲ್ಲಿಯೇ ಹುಟ್ಟಿರಬಹುದು. ತಾಯಿ ದಾಸಿಯಾದರೆ ಮಗುವೂ ಒಡೆಯನ ಸೊತ್ತು. ಹೀಗೆ ಮನೆಯಲ್ಲಿಯೇ ಹುಟ್ಟಿದ ಗುಲಾಮನಿಗೆ ವೆರ್ನಾ ಎನ್ನುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಭಾಷೆಗಳನ್ನು ಕರೆಯುತ್ತಿದ್ದ ವರ್ನಾಕ್ಯುಲರ್ ಎಂಬ ಮಾತಿನ ಬೇರು ಇದೇ ವೆರ್ನಾ. ಅಗಸ್ಟಸನ ಕಾಲದ ಇಟಲಿಯ ಜನರಲ್ಲಿ ಗುಲಾಮರ ಪಾಲು ಎಷ್ಟೆಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಆರರಲ್ಲಿ ಒಂದೆನ್ನುವವರೂ ಉಂಟು, ಮೂರರಲ್ಲಿ ಒಂದೆನ್ನುವವರೂ ಉಂಟು.

ಪಾಂಪೇಯ ಹೊರವಲಯದ ಚಿವಿಟಾ ಜುಲಿಯಾನಾ ಎಂಬಲ್ಲಿ ದೊಡ್ಡ ಬಂಗಲೆಯೊಂದನ್ನು ಅಗೆಯುತ್ತಿದ್ದವರಿಗೆ 2021ರಲ್ಲಿ ಗುಲಾಮರ ಕೋಣೆಯೊಂದು ದೊರೆಯಿತು. ಹದಿನಾರು ಚದರ ಮೀಟರಿನ ಕೋಣೆ. ಮೇಲುಗಡೆ ಒಂದು ಸಣ್ಣ ಕಿಟಕಿ. ಗೋಡೆಗೆ ಬಣ್ಣವಿಲ್ಲ, ಚಿತ್ತಾರವಿಲ್ಲ. ಮೂಲೆಯಲ್ಲಿ ಸಾಮಾನಿನ ಜಾಡಿಗಳು, ನಡುವೆ ಪೆಟ್ಟಿಗೆ. ಹಗ್ಗ ಹೆಣೆದ ಮೂರು ಮಂಚಗಳು. ಎರಡು ಮಂಚ 1.70 ಮೀಟರ್ ಉದ್ದ, ಮೂರನೆಯದು 1.40 ಮೀಟರ್ ಮಾತ್ರ. ಆ ಮೂರನೆಯ ಮಂಚದಲ್ಲಿ ಮಲಗುತ್ತಿದ್ದುದು ಒಂದು ಮಗುವಿರಬೇಕೆಂದು ಶೋಧಕರ ಊಹೆ. ಅರಮನೆಗಳ ಅಮೃತಶಿಲೆಯನ್ನು ಕಂಡು ಬೆರಗಾದ ಮಕ್ಕಳಿಗೆ ಆ ಮಂಚದ ಅಳತೆಯನ್ನೂ ಹೇಳಬೇಕು. ಅಳತೆಯ ಟೇಪು ಹಿಡಿದು ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಇನ್ನೂ ಒಳ್ಳೆಯದು.

ಬುಲ್ಲಾದ ಭಾಗ್ಯವಿಲ್ಲದ ಕೊರಳಿಗೆ ಮತ್ತೊಂದು ಒಡವೆ ಬಂದುದೂ ಉಂಟು. ಕ್ರಿ.ಶ. 4ನೆಯ ಶತಮಾನದ ಸುಮಾರಿನ ಕಬ್ಬಿಣದ ಕೊರಳಪಟ್ಟಿಯೊಂದು ರೋಮಿನಲ್ಲಿ ಸಿಕ್ಕಿದೆ. ಅದಕ್ಕೆ ತೂಗಹಾಕಿದ ಬಿಲ್ಲೆಯ ಮೇಲೆ, ತಾನು ಓಡಿಬಂದವನೆಂದೂ, ಹಿಡಿದು ಒಡೆಯನಿಗೆ ಒಪ್ಪಿಸಿದವರಿಗೆ ಒಂದು ಚಿನ್ನದ ನಾಣ್ಯ ದೊರೆಯುವುದೆಂದೂ ಬರೆದಿದೆ. ಒಡೆಯನ ಹೆಸರು ಅದರಲ್ಲಿದೆ, ಕೊರಳಿನವನ ಹೆಸರಿಲ್ಲ.

ಗುಲಾಮರು ಎಲ್ಲವನ್ನೂ ಸಹಿಸಿಕೊಂಡು ಕುಳಿತವರಲ್ಲ. ಕ್ರಿ.ಪೂ. 73ರಲ್ಲಿ ಸ್ಪಾರ್ಟಕಸನ ಮುಂದಾಳುತನದಲ್ಲಿ ಅವರು ದಂಗೆಯೆದ್ದು ಎರಡು ವರುಷ ರೋಮಿನ ಸೈನ್ಯಗಳನ್ನು ಸೋಲಿಸಿದರು. ಕೊನೆಗೆ ಸೆರೆಸಿಕ್ಕಿದ ಆರು ಸಾವಿರ ಜನರನ್ನು ಹೆದ್ದಾರಿಯ ಉದ್ದಕ್ಕೂ ಶಿಲುಬೆಗೇರಿಸಿದರು. ಗುಲಾಮರೂ ಮನುಷ್ಯರೇ, ಅವರೊಡನೆ ಕುಳಿತು ಉಣ್ಣಬೇಕು ಎಂದು ಬರೆದ ಸೆನೆಕನಂತಹ ತತ್ತ್ವಜ್ಞಾನಿಯೂ ಇದ್ದನು. ಅವನ ಮನೆಯಲ್ಲಿಯೂ ಗುಲಾಮರಿದ್ದರು.

ಸುಗ್ಗಿಯ ದಿನಗಳು

ವರ್ಷದಲ್ಲಿ ಕೆಲವು ದಿನ ಎಲ್ಲವೂ ತಲೆಕೆಳಗಾಗುತ್ತಿದ್ದಿತು. ಡಿಸೆಂಬರ್ 17ರಿಂದ ಸ್ಯಾಟರ್ನ್ ದೇವನ ಹಬ್ಬ. ಶಾಲೆಗೆ ರಜಾ, ನ್ಯಾಯಾಲಯಕ್ಕೆ ರಜಾ. ಮೇಣದ ಬತ್ತಿ, ಮಣ್ಣಿನ ಗೊಂಬೆಗಳ ಉಡುಗೊರೆ. ಗುಲಾಮರು ಬಹಿರಂಗವಾಗಿ ಪಗಡೆಯಾಡಬಹುದು. ಒಡೆಯನ ಪಂಕ್ತಿಯಲ್ಲಿ ಉಣ್ಣಬಹುದು. ಕೆಲವೆಡೆ ಒಡೆಯನೇ ಬಡಿಸುತ್ತಿದ್ದನು. ಹಬ್ಬ ಕಳೆಯಿತೆಂದರೆ ಮೊದಲಿನಂತೆಯೇ. ಆ ಕೆಲವು ದಿನಗಳಲ್ಲಿ ಇಬ್ಬರು ಹುಡುಗರೂ ಒಂದೇ ಕಡೆ ಕುಳಿತು ಅಕ್ರೋಟಿನ ಕಾಯಿಗಳನ್ನು ಗೋಲಿಯಂತೆ ಉರುಳಿಸಿ ಆಡಿರಬೇಕು.

ಆ ಕಾಯಿಗಳ ಆಟವನ್ನು ಬಿಡುವುದೆಂದರೆ ರೋಮನರ ಮಾತಿನಲ್ಲಿ ದೊಡ್ಡವನಾಗುವುದೆಂದು ಅರ್ಥ. ಹದಿನೈದು ಹದಿನಾರರ ಸುಮಾರಿಗೆ, ಸಾಮಾನ್ಯವಾಗಿ ಮಾರ್ಚ್ 17ರ ಹಬ್ಬದಂದು, ಹುಡುಗನು ಬುಲ್ಲಾವನ್ನು ಕಳಚಿ ಮನೆದೇವರ ಮುಂದೆ ತೂಗುಹಾಕಿ, ಗಂಡಸರ ಬಿಳಿಯ ಟೋಗಾ ಉಡುತ್ತಿದ್ದನು. ಹುಡುಗಿಯರಿಗೆ ಅಷ್ಟು ಕಾಲಾವಕಾಶವಿರಲಿಲ್ಲ. ಹನ್ನೆರಡು ತುಂಬಿದರೆ ಮದುವೆಗೆ ಕಾನೂನಿನ ಅಡ್ಡಿಯಿಲ್ಲ. ಮದುವೆಯ ಮುನ್ನ ಗೊಂಬೆಗಳನ್ನು ದೇವರಿಗೆ ಒಪ್ಪಿಸುವುದು ಪದ್ಧತಿ. ಹಳೆಯ ಮೈಸೂರಿನ ಮುತ್ತಜ್ಜಿಯರಿಗೆ ಈ ಸಂಗತಿ ಹೊಸದೆನಿಸುತ್ತಿರಲಿಲ್ಲ.

ಬಿಡುಗಡೆಯ ಬೆಲೆ

ರೋಮಿನ ಗುಲಾಮಗಿರಿಯಲ್ಲಿ ಒಂದು ಬಾಗಿಲು ತೆರೆದಿದ್ದಿತು. ಒಡೆಯನು ಮೆಚ್ಚಿಯೋ ಹಣ ಪಡೆದೋ ಗುಲಾಮನನ್ನು ಬಿಡುಗಡೆ ಮಾಡಬಹುದಾಗಿದ್ದಿತು. ವಿಧಿವತ್ತಾಗಿ ಬಿಡುಗಡೆಯಾದವನು ನಾಗರಿಕನಾಗುವನು. ಆ ಮೇಲೆ ಹುಟ್ಟಿದ ಅವನ ಮಕ್ಕಳು ಪೂರ್ಣ ಸ್ವತಂತ್ರರು. ಮಹಾಕವಿ ಹೊರೇಸನ ತಂದೆ ಹೀಗೆ ಬಿಡುಗಡೆ ಹೊಂದಿದವನು. ಅವನು ತನ್ನ ಊರಿನ ಶಾಲೆ ಸಾಲದೆಂದು ಮಗನನ್ನು ರೋಮಿಗೆ ಕರೆತಂದು, ಗುಲಾಮನನ್ನು ನಂಬದೆ ತಾನೇ ಅವನ ಜೊತೆಯಲ್ಲಿ ಪಾಠಶಾಲೆಯಿಂದ ಪಾಠಶಾಲೆಗೆ ನಡೆದನು. ಮಗನು ಆ ತಂದೆಯನ್ನು ಕೊನೆಯವರೆಗೂ ಕೃತಜ್ಞತೆಯಿಂದ ನೆನೆದನು.

ಎಲ್ಲರ ಕಥೆಯೂ ಹೊರೇಸನದರಂತೆ ಮುಗಿಯಲಿಲ್ಲ. ಕ್ರಿ.ಶ. 94ರಲ್ಲಿ ರೋಮಿನಲ್ಲಿ ಒಂದು ಮಹಾಸ್ಪರ್ಧೆ ನಡೆಯಿತು. ಚಕ್ರವರ್ತಿ ಡೊಮಿಷಿಯನ್ ಸ್ಥಾಪಿಸಿದ ಆ ಕೂಟದಲ್ಲಿ ಗ್ರೀಕ್ ಭಾಷೆಯಲ್ಲಿ ಆಶುಕವಿತೆ ಹೇಳಲು ಐವತ್ತೆರಡು ಮಂದಿ ಕವಿಗಳು ನಿಂತರು. ಅವರಲ್ಲಿ ಒಬ್ಬನು ಹನ್ನೊಂದು ವರುಷದ ಹುಡುಗ, ಕ್ವಿಂಟಸ್ ಸಲ್ಪಿಷಿಯಸ್ ಮ್ಯಾಕ್ಸಿಮಸ್. ಸೂರ್ಯದೇವನು ತನ್ನ ರಥವನ್ನು ಮಗನ ಕೈಗೆ ಕೊಟ್ಟು ಅನಾಹುತವಾದಾಗ ದೇವರಾಜ ಜ್ಯೂಸನು ಅವನನ್ನು ಹೇಗೆ ನಿಂದಿಸಿರಬಹುದು? ಇದು ಅವನ ವಿಷಯ. ಹುಡುಗನು ನಲವತ್ತಮೂರು ಸಾಲು ಹೇಳಿದನು. ವಯಸ್ಸನ್ನು ಕಂಡು ಮೂಡಿದ್ದ ಮರುಕ ಅವನ ಪ್ರತಿಭೆಯನ್ನು ಕಂಡು ಮೆಚ್ಚುಗೆಯಾಯಿತಂತೆ. ಬಹುಮಾನ ಬರಲಿಲ್ಲ, ಗೌರವ ಬಂತು. ಸ್ವಲ್ಪ ಕಾಲದಲ್ಲಿಯೇ ಹುಡುಗನು ತೀರಿಕೊಂಡನು. ಹಗಲಿರುಳು ವಿದ್ಯೆಯಲ್ಲಿಯೇ ಮನಸ್ಸಿಟ್ಟ ಆಯಾಸವೂ ರೋಗವೂ ಸೇರಿ ಅವನನ್ನು ಒಯ್ದುವೆಂದು ಸಮಾಧಿಯ ಕಲ್ಲಿನ ಪದ್ಯ ಹೇಳುತ್ತದೆ.

ಅವನ ತಾಯ್ತಂದೆಯರು ದಾಸ್ಯದಿಂದ ಬಿಡುಗಡೆ ಪಡೆದವರಿರಬೇಕೆಂದು ವಿದ್ವಾಂಸರು ಅವರ ಹೆಸರುಗಳಿಂದ ಊಹಿಸುತ್ತಾರೆ. ಬರಿಯ ಕೊರಳಿನ ಮಕ್ಕಳಾಗಿ ಬೆಳೆದವರು ತಮ್ಮ ಮಗನ ಕೊರಳಿಗೆ ಬುಲ್ಲಾ ಕಟ್ಟಿರಬೇಕು. ತಮಗೆ ದೊರೆಯದುದನ್ನೆಲ್ಲ ಅವನು ಒಬ್ಬನೇ ಗೆದ್ದು ತರಲೆಂದು ಬಯಸಿದ್ದರು. ಈ ಬಯಕೆಯನ್ನು ಅರಿಯದ ಮನೆ ಇಂದಿನ ನಗರಗಳಲ್ಲಿ ಯಾವುದಿದೆ? ಹುಡುಗನನ್ನು ಕಳೆದುಕೊಂಡ ಮೇಲೆ ಅವರು ಅವನ ಕವಿತೆಯನ್ನು ಅಕ್ಷರ ಬಿಡದೆ ಕಲ್ಲಿನಲ್ಲಿ ಕೆತ್ತಿಸಿ, ಟೋಗಾ ಉಟ್ಟು ಕೈಯಲ್ಲಿ ಸುರುಳಿ ಹಿಡಿದು ನಿಂತ ಅವನ ಮೂರ್ತಿಯನ್ನು ನಡುವೆ ನಿಲ್ಲಿಸಿದರು. ಆ ಕಲ್ಲನ್ನು ಮುಂದೆ ಯಾರೋ ಊರ ಗೋಡೆಯೊಳಗೆ ಸೇರಿಸಿ ಕಟ್ಟಿಬಿಟ್ಟರು. 1871ರಲ್ಲಿ ಹಳೆಯ ಹೆಬ್ಬಾಗಿಲೊಂದನ್ನು ಕೆಡವುವಾಗ ಅದು ಹೊರಬಂದಿತು.

ಅರಸರು ತಮ್ಮ ಕಲ್ಲುಗಳಲ್ಲಿ ಗೆದ್ದ ನಾಡುಗಳನ್ನು ಎಣಿಸಿದ್ದಾರೆ. ಈ ತಾಯ್ತಂದೆಯರು ಎಣಿಸಿದುದು ಬೇರೆ. ಮಗನು ಬದುಕಿದುದು ಹನ್ನೊಂದು ವರ್ಷ, ಐದು ತಿಂಗಳು, ಹನ್ನೆರಡು ದಿನ ಎಂದು ಅವರು ಬರೆಯಿಸಿದ್ದಾರೆ. ರೋಮಿನ ಬಗ್ಗೆ ಮಕ್ಕಳಿಗೆ ಒಂದೇ ಒಂದು ಕಲ್ಲನ್ನು ತೋರಿಸಬೇಕಾದರೆ ಅದನ್ನು ತೋರಿಸಬೇಕು. ಪಾಠ ಒಪ್ಪಿಸಲು ನಿಂತ ಮಗುವಿನ ಮುಖವನ್ನು ನೋಡುವಾಗ ದೊಡ್ಡವರೂ ಆ ಹನ್ನೆರಡು ದಿನಗಳನ್ನು ನೆನೆದರೆ ತಪ್ಪಿಲ್ಲ.